ತೀರಿಕೊಂಡರು ಅನ್ನುವ ಮಾತು

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಓದುಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು 31 ವರ್ಷ ಈ ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಅದರಲ್ಲಿ ಜಾಸ್ತಿ ವರ್ಷ ಐಸಿಯುನಲ್ಲಿ. ಸಾವಿನ ಸುದ್ದಿ ಹೇಳುವುದು ಡಾಕ್ಟರ ಕೆಲಸ. ಆದರೆ ಡಾಕ್ಟರು ಹೇಳಿ ಹೋದ ಮೇಲೆ ಮನೆಯವರು ನಮ್ಮ ಕಡೆ ತಿರುಗುತ್ತಾರೆ. "ಸಿಸ್ಟರ್, ಅವರು ಏನು ಹೇಳಿದ್ರು?" ಕಿವಿಗೆ ಬಿದ್ದಿರುತ್ತದೆ, ಆದರೂ ಕೇಳುತ್ತಾರೆ. ಆಗ ಇನ್ನೊಂದು ಸಲ ಹೇಳಬೇಕಾದವರು ನಾವು. ಮರಾಠಿಯವರಾದರೆ 'ಗೇಲೇ' ಅನ್ನುತ್ತಿದ್ದೆ, ಹೋದರು ಅಂತ. ಹಿಂದಿಯವರಿಗೆ 'ನಹೀ ರಹೇ'. ನಮ್ಮ ಕಡೆಯವರು ಯಾರಾದರೂ ಆದರೆ 'ತೀರಿಕೊಂಡರು'.

ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೋ. ಒಂದು ನೈಟ್ ಡ್ಯೂಟಿಯಲ್ಲಿ, ಬೆಳಗಿನ ಜಾವ, ಅದರ ಅರ್ಥ ಸುಮ್ನೆ ತಲೆಗೆ ಬಂತು. ಅಕ್ಕಿ ತೀರಿತು ಅನ್ನುತ್ತೇವೆ. ಸಾಲ ತೀರಿತು, ದಾಹ ತೀರಿತು ಅನ್ನುತ್ತೇವೆ. ಡಬ್ಬದಲ್ಲಿದ್ದ ಅಕ್ಕಿ ತೀರಿದಾಗ ಅದು ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಶಿವನ ಪಾದ ಸೇರಿದರು, ವೈಕುಂಠವಾಸಿಯಾದರು, ಸ್ವರ್ಗಸ್ಥರಾದರು, ಈ ಮಾತುಗಳಿಗೆಲ್ಲ ಒಂದು ಊರು ಉಂಟು, ಹೋಗಿ ಸೇರುವ ಜಾಗ ಉಂಟು. ತೀರಿಕೊಂಡರು ಅನ್ನುವುದಕ್ಕೆ ಊರಿಲ್ಲ. ದೇವರ ಮುಂದೆ ದಿನಾ ದೀಪ ಹಚ್ಚುವ ನನ್ನ ಅಮ್ಮನೂ ಇದೇ ಮಾತು ಆಡುತ್ತಿದ್ದಳು, ನಾನೂ ಆಡುತ್ತೇನೆ. ಅಮ್ಮ ಆಡಿದ ಮೇಲೆ ಮುಂದಿನ ಲೋಕದ ಬಗ್ಗೆ ಇನ್ನೊಂದು ಮಾತು ಸೇರಿಸುತ್ತಿದ್ದಳು. ನಾನು ಸೇರಿಸುವುದಿಲ್ಲ. ನನ್ನ ನಾಸ್ತಿಕತೆ ಅಂದರೆ ಹೆಚ್ಚುಕಡಿಮೆ ಅಷ್ಟೇ.

ನಾಸ್ತಿಕ ಅಂದ ಕೂಡಲೇ ದೇವರನ್ನು ಬೈಯುವವರು ಅಂತ ತಿಳಿಯುತ್ತಾರೆ. ಈ ಪದದ ಹಿಂದಿನ ಕಥೆ ನನಗೆ ಇಷ್ಟ, ಆದ್ದರಿಂದ ಹೇಳುತ್ತೇನೆ. ಪಾಣಿನಿಯ ವ್ಯಾಕರಣದಲ್ಲಿ 'ಅಸ್ತಿ ನಾಸ್ತಿ ದಿಷ್ಟಂ ಮತಿಃ' ಅಂತ ಒಂದು ಸೂತ್ರ ಇದೆ. ಅದನ್ನು ವಿವರಿಸಿದ ಹಳಬರು, ಪರಲೋಕ ಉಂಟು ಅನ್ನುವವನು ಆಸ್ತಿಕ, ಇಲ್ಲ ಅನ್ನುವವನು ನಾಸ್ತಿಕ ಅಂದರು. ಅಲ್ಲಿ ದೇವರ ಮಾತೇ ಇಲ್ಲ. ಮನುವಿನ ಹೊತ್ತಿಗೆ ವೇದವನ್ನು ನಿಂದಿಸುವವನು ನಾಸ್ತಿಕ ಅಂತಾಯಿತು. ದೇವರನ್ನು ಒಪ್ಪದವನು ಅನ್ನುವ ಅರ್ಥ ಬಲವಾಗಿದ್ದು ಆಮೇಲೆ. ನಮ್ಮ ನೆಲದಲ್ಲಿ ದೇವರು, ಪರಲೋಕ ಇವೆರಡೂ ಬೇರೆಬೇರೆ ಪ್ರಶ್ನೆಗಳಾಗಿಯೇ ಇದ್ದವು. ಜೈನರು ಲೋಕವನ್ನು ಸೃಷ್ಟಿಸಿದ ದೇವರನ್ನು ಒಪ್ಪುವುದಿಲ್ಲ, ಆದರೆ ಮರುಜನ್ಮವನ್ನು ಒಪ್ಪುತ್ತಾರೆ. ವೇದವನ್ನೇ ಪ್ರಮಾಣ ಅನ್ನುವ ಮೀಮಾಂಸಕರಿಗೂ ಸೃಷ್ಟಿಕರ್ತ ಬೇಕಾಗಿರಲಿಲ್ಲ. ಎರಡನ್ನೂ ಬೇಡ ಅಂದವರು ಚಾರ್ವಾಕರು. ಹಾಗಾಗಿ ನಾನೂ ಎರಡನ್ನೂ ಬಿಡಿಸಿಕೊಂಡು ಮಾತಾಡುತ್ತೇನೆ. ಮೊದಲು ಮೇಲಿನವನು, ಆಮೇಲೆ ಮುಂದಿನ ಲೋಕ.

ನಾನು ಹುಟ್ಟು ನಾಸ್ತಿಕಳಲ್ಲ. ಕಾರ್ಕಳದ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ದೈವಕ್ಕೆ ವರ್ಷಾವರ್ಷ ಸೇವೆ ಆಗುತ್ತಿತ್ತು. ಮುಂಬಯಿಗೆ ಬಂದ ಹೊಸದರಲ್ಲಿ ಪಗಾರದಲ್ಲಿ ಒಂದು ಪಾಲು ಕೋಲಕ್ಕೆ ಅಂತ ಎತ್ತಿಡುತ್ತಿದ್ದೆ. ನನ್ನ ನಂಬಿಕೆ ಹೋದದ್ದು ಯಾವ ಪುಸ್ತಕ ಓದಿಯೂ ಅಲ್ಲ. ಮಕ್ಕಳ ವಾರ್ಡಿನಲ್ಲಿ ಒಂದು ಮಧ್ಯಾಹ್ನ ಹೋಯಿತು.

ಸೊಲ್ಲಾಪುರದ ಕಡೆಯ ಒಬ್ಬ ತಾಯಿ. ಮನೆಮಾತು ಕನ್ನಡ. ಮಗನಿಗೆ 4 ವರ್ಷ, ಥಲಸ್ಸೀಮಿಯಾ. ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಲು ಬರುತ್ತಿದ್ದಳು. ಆ ದಿನ ಜೊತೆಗೆ ಹಿರಿಯ ಹೆಂಗಸೊಬ್ಬರು ಬಂದಿದ್ದರು, ಗಂಡನ ಕಡೆಯವರು. ಹುಡುಗನ ಕೈಯಲ್ಲಿ ನರ ಸಿಗದೆ ನಾನು ಮೂರನೇ ಸಲ ಚುಚ್ಚುತ್ತಿದ್ದೆ. ಅವನು ಅಳುತ್ತಿದ್ದ. ಆ ಹಿರಿಯರು ಮೆಲ್ಲಗೆ, ಬೇಜಾರಿನಿಂದಲೇ ಅಂದರು, "ಹಿಂದಿನ ಜನ್ಮದಾಗ ಯಾರ ಕೂಸಿಗೆ ಏನ್ ಮಾಡಿದ್ಳೋ ಏನೋ." ಅವರು ಕೆಟ್ಟವರಲ್ಲ. ಅವರ ಕಣ್ಣಲ್ಲೂ ನೀರಿತ್ತು. ರಕ್ತ ಇಳಿಯಲು ಶುರುವಾಯಿತು, ಹುಡುಗ ಮಲಗಿದ. ಆಗ ತಾಯಿ ನನ್ನ ಹತ್ತಿರ ಬಂದು ಕೇಳಿದಳು, "ಸಿಸ್ಟರ್, ನಾ ಏನ್ ಮಾಡಿರಬಹುದು?"

ಅವಳು ನಿಜವಾಗಿ ಕೇಳುತ್ತಿದ್ದಳು. ನೆನಪೇ ಇಲ್ಲದ ಜನ್ಮದಲ್ಲಿ ಮಾಡಿದ ತಪ್ಪನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದಳು.

ಆ ಹುಡುಗನಿಗೆ ಆಗಿದ್ದು ಏನು ಅಂತ ನನಗೆ ಗೊತ್ತಿತ್ತು. ಹಿಮೋಗ್ಲೋಬಿನ್ ಮಾಡುವ ಒಂದು ಜೀನ್ ತಂದೆಯಲ್ಲೂ ತಾಯಿಯಲ್ಲೂ ಒಂದೊಂದು ಪ್ರತಿ ಕೆಟ್ಟಿರುತ್ತದೆ. ಇನ್ನೊಂದು ಪ್ರತಿ ಸರಿ ಇರುವುದರಿಂದ ಅವರಿಬ್ಬರಿಗೂ ಹೇಳಿಕೊಳ್ಳುವಂಥ ತೊಂದರೆ ಇರುವುದಿಲ್ಲ. ಮಗುವಿಗೆ ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬಂದರೆ ಈ ಕಾಯಿಲೆ. ಪ್ರತಿ ಬಸಿರಿನಲ್ಲೂ ಇದರ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲೇ ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ ತಿಳಿಯುತ್ತಿತ್ತು. ನಾನು ಒಂದು ಹಾಳೆಯಲ್ಲಿ ನಾಲ್ಕು ಸೊನ್ನೆ ಬರೆದು, ಒಂದನ್ನು ತುಂಬಿಸಿ, ಅವಳಿಗೆ ತೋರಿಸಿದೆ. "ನೀವು ಏನೂ ಮಾಡಿಲ್ಲ ತಾಯಿ, ಇದು ಇಷ್ಟೇ" ಅಂದೆ. ಅವಳು ಆ ಹಾಳೆ ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡಳು. ಮುಂದಿನ ಬಸಿರಿನಲ್ಲಿ ಪರೀಕ್ಷೆ ಮಾಡಿಸಲು ತಾನಾಗಿಯೇ ಬಂದಳು.

ಕರ್ಮದ ಲೆಕ್ಕದಿಂದ ಜನರಿಗೆ ಸಮಾಧಾನ ಸಿಗುತ್ತದೆ ಅಂತ ನನಗೆ ಎಷ್ಟೋ ಜನ ಹೇಳಿದ್ದಾರೆ. ಯಾರಿಗೆ ಸಮಾಧಾನ? ಪಕ್ಕದಲ್ಲಿ ನಿಂತು ನೋಡುವವರಿಗೆ. ಲೋಕದಲ್ಲಿ ಎಲ್ಲಕ್ಕೂ ಒಂದು ನ್ಯಾಯ ಇದೆ ಅನ್ನಿಸುತ್ತದೆ ಅವರಿಗೆ. ಅದರ ಬೆಲೆ ಕೊಡುವವಳು ಮಂಚದ ಪಕ್ಕ ಕೂತ ತಾಯಿ. ಇವತ್ತು ನಾನು ಇಲ್ಲಿ ಬಂದು ನಿಂತಿರುವುದು ಆ ಒಬ್ಬಳ ಪ್ರಶ್ನೆಯಿಂದ.

ಈಗ ಮೇಲಿನವನ ಮಾತು. ಪವಾಡಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದದ್ದು ನಿಮ್ಮಲ್ಲಿ ಹಿರಿಯರಿಗೆಲ್ಲ ನೆನಪಿರಬಹುದು. ನಾನೂ ಸಾಲಿನಲ್ಲಿ ನಿಂತು ಚಮಚ ಹಿಡಿದವಳೇ. ಹಾಲು ಖಾಲಿಯಾಯಿತು. ಮೂರ್ತಿಯ ಕೆಳಗೆ ನೆಲ ಒದ್ದೆಯಾಗಿತ್ತು, ಅದನ್ನೂ ನೋಡಿದೆ. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ, ಅದು ತೆಳ್ಳಗೆ ಮೂರ್ತಿಯ ಮೈಮೇಲೆ ಹರಿದು ಇಳಿಯುವುದನ್ನು ತೋರಿಸಿಕೊಟ್ಟರು. 2006ರ ಆಗಸ್ಟಿನಲ್ಲಿ ಮಾಹಿಮ್ ಕಡಲಿನ ನೀರು ಸಿಹಿಯಾಯಿತು ಅಂತ ಜನ ಬಾಟಲಿಗಳಲ್ಲಿ ತುಂಬಿಕೊಂಡು ಕುಡಿದರು. ಮಳೆಗಾಲ. ಮೀಠಿ ನದಿಯಿಂದ ಬಂದ ಸಿಹಿನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ಮೇಲೆ ತೇಲಿತ್ತು. ಊರಿನ ಕೊಳೆಯೆಲ್ಲ ಹೊತ್ತು ತರುವ ನೀರು ಅದು. ಆ ವಾರ ನಮ್ಮ ವಾರ್ಡಿನಲ್ಲಿ ನಮಗೆ ಕಾಡಿದ್ದು ಅದೊಂದೇ, ಪುಟ್ಟ ಮಕ್ಕಳಿಗೆ ಕುಡಿಸಬೇಡಿ ಅಂತ ಹೇಗೆ ಹೇಳುವುದು ಅನ್ನುವುದು.

ಪವಾಡ ಒಪ್ಪದವರೂ ನನಗೆ ಹೇಳುವ ಒಂದು ಮಾತಿದೆ. "ದೇವರು ಅಂತ ಅಲ್ಲ ಅಕ್ಕಾ, ಆದರೆ ಏನೋ ಒಂದು ಶಕ್ತಿ ಇದೆ, ನಮ್ಮನ್ನು ಮೀರಿದ್ದು." ಓದಿದವರು, ಇಂಜಿನಿಯರುಗಳು, ಡಾಕ್ಟರುಗಳು ಹೀಗೆ ಹೇಳುತ್ತಾರೆ. ಇದಕ್ಕೆ ನಾನು ತುಂಬ ದಿನ ಉತ್ತರ ಹುಡುಕಿದೆ. ನಮ್ಮನ್ನು ಮೀರಿದ ಶಕ್ತಿಗಳು ಇವೆ, ಅದರಲ್ಲಿ ಅನುಮಾನವೇ ಇಲ್ಲ. ಭೂಮಿ ಎಳೆಯುವುದು ನಮ್ಮನ್ನು ಮೀರಿದ್ದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮಳೆ ನಮ್ಮನ್ನು ಮೀರಿದ್ದು. ಪ್ರಶ್ನೆ ಶಕ್ತಿ ಇದೆಯಾ ಅನ್ನುವುದಲ್ಲ. ಅದಕ್ಕೆ ಕಿವಿ ಇದೆಯಾ? ನೀವು ಯಾರು ಅಂತ ಅದಕ್ಕೆ ಗೊತ್ತಾ? ನಿಮ್ಮ ಮಗಳ ಜ್ವರ ಇಳಿಯಲಿ ಅಂತ ಅದಕ್ಕೆ ಅನಿಸುತ್ತದಾ? ಗೊತ್ತು, ಅನಿಸುತ್ತದೆ ಅಂದರೆ ಅದು ದೇವರೇ, ಹೆಸರು ಮಾತ್ರ ಬದಲಾಯಿಸಿದ್ದೀರಿ. ಗೊತ್ತಿಲ್ಲ ಅಂದರೆ ನಾನೂ ನೀವೂ ಒಂದೇ ಕಡೆ ಇದ್ದೇವೆ.

ಕಿವಿ ಇದೆಯಾ ಅಂತ ಪರೀಕ್ಷೆ ಮಾಡಿದವರೂ ಇದ್ದಾರೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಆಪರೇಷನ್ ಆದ 1,802 ರೋಗಿಗಳ ಮೇಲೆ ಒಂದು ದೊಡ್ಡ ಅಧ್ಯಯನ ಆಯಿತು, 2006ರಲ್ಲಿ ಅದು ಪ್ರಕಟವಾಯಿತು. ಒಂದು ಗುಂಪಿಗಾಗಿ ಬೇರೆ ಊರಿನ ಭಕ್ತರು ಪ್ರಾರ್ಥನೆ ಮಾಡಿದರು, ಇನ್ನೊಂದು ಗುಂಪಿಗೆ ಮಾಡಲಿಲ್ಲ. ಯಾವ ಗುಂಪಿನಲ್ಲಿದ್ದೇವೆ ಅಂತ ಈ ರೋಗಿಗಳಿಗೆ ಗೊತ್ತಿರಲಿಲ್ಲ. ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂರನೇ ಗುಂಪಿಗೆ 'ನಿಮಗಾಗಿ ಪ್ರಾರ್ಥನೆ ನಡೆಯುತ್ತಿದೆ' ಅಂತ ಮೊದಲೇ ಹೇಳಿದ್ದರು. ಅವರಲ್ಲಿ ತೊಂದರೆಗಳು ಸ್ವಲ್ಪ ಜಾಸ್ತಿಯೇ ಆದವು, 59 ಪ್ರತಿಶತ ಜನರಿಗೆ. ಬಹುಶಃ ಅವರು ಹೆದರಿದರು, ತಮ್ಮ ಸ್ಥಿತಿ ಅಷ್ಟು ಕೆಟ್ಟದಾ ಅಂತ. ಈ ಅಧ್ಯಯನದ ಬಗ್ಗೆ ಓದಿದ ಮೇಲೂ ನಾನು ರೋಗಿಯ ದಿಂಬಿನ ಕೆಳಗಿನ ಕುಂಕುಮದ ಪೊಟ್ಟಣವನ್ನು, ತಾಯಿತವನ್ನು, ಜಪಸರವನ್ನು ತೆಗೆಸಲಿಲ್ಲ. ಆಪರೇಷನ್ ಥಿಯೇಟರಿಗೆ ಕಳಿಸುವಾಗ ಮಾತ್ರ ಬಿಚ್ಚಿ, ಹೆಸರು ಬರೆದು ಎತ್ತಿಟ್ಟು, ಬಂದ ಮೇಲೆ ಮತ್ತೆ ಕೊಡುತ್ತಿದ್ದೆ.

ಇನ್ನು ಮುಂದಿನ ಲೋಕ.

ಅರಿವಳಿಕೆ ಕೊಡುವುದನ್ನು ಹತ್ತಿರದಿಂದ ನೋಡಿದ್ದೀರಾ? ಹಾಲಿನಂಥ ಬಿಳಿ ಔಷಧ. ಸಿರಿಂಜಿನಿಂದ ಮೆಲ್ಲಗೆ ನರಕ್ಕೆ ಬಿಡುತ್ತಾರೆ. ರೋಗಿ ನಮ್ಮ ಜೊತೆ ಮಾತಾಡುತ್ತಿರುತ್ತಾರೆ, ಮಗಳ ಪರೀಕ್ಷೆ, ಊರಿನ ಗದ್ದೆ. ಅರ್ಧ ನಿಮಿಷ ಆಗಿರುವುದಿಲ್ಲ, ವಾಕ್ಯದ ನಡುವೆ ಮಾತು ನಿಲ್ಲುತ್ತದೆ. ನಾಲ್ಕು ಗಂಟೆ ಕಳೆದು ಎದ್ದವರಲ್ಲಿ ಎಷ್ಟೋ ಜನ "ಇನ್ನೂ ಶುರು ಮಾಡಿಲ್ವಾ?" ಅಂತ ಕೇಳುತ್ತಾರೆ. ನಿದ್ದೆ ಮಾಡಿ ಎದ್ದವರಿಗೆ ಹೊತ್ತು ಹೋದದ್ದು ಗೊತ್ತಾಗುತ್ತದೆ. ಇವರಿಗೆ ಅದೂ ಗೊತ್ತಾಗುವುದಿಲ್ಲ. ಆ ನಾಲ್ಕು ಗಂಟೆ ಅವರು ಎಲ್ಲಿಗೆ ಹೋಗಿದ್ದರು? ಎಲ್ಲಿಗೂ ಇಲ್ಲ. ಮೆದುಳು ಮಾಡುವ ಒಂದು ಕೆಲಸ ಅಷ್ಟು ಹೊತ್ತು ನಿಂತಿತ್ತು. ಒಂದು ಸಿರಿಂಜಿನ ಔಷಧಕ್ಕೇ 'ನಾನು' ಅನ್ನುವುದು ನಿಲ್ಲುವುದಾದರೆ, ಮೆದುಳು ಪೂರ್ತಿ ಸುಟ್ಟುಹೋದ ಮೇಲೆ ಅದು ಎಚ್ಚರವಾಗಿ ಎಲ್ಲೋ ಇರುತ್ತದೆ ಅಂತ ನಾನು ಹೇಗೆ ನಂಬಲಿ?

ನನ್ನ ಅಪ್ಪನಿಗೆ ಕೊನೆಯ 6 ವರ್ಷ ಮರೆವಿನ ಕಾಯಿಲೆ. ಮೊದಲು ನಿನ್ನೆಯದು ಹೋಯಿತು. ಆಮೇಲೆ ಮೊಮ್ಮಕ್ಕಳು, ಅಳಿಯಂದಿರು, ನಾನು, ಕೊನೆಗೆ ಅಮ್ಮ. ತನ್ನ ತಾಯಿಯ ಹೆಸರು ಒಂದು ಉಳಿದಿತ್ತು, ಅದೂ ಹೋಯಿತು. ಅಮ್ಮ ಹೇಳುತ್ತಿದ್ದಳು, "ಅಲ್ಲಿ ಹೋದ ಮೇಲೆ ಅವರಿಗೆ ಎಲ್ಲ ನೆನಪಾಗ್ತದೆ." ನಾನು ಎದುರು ಮಾತಾಡಲಿಲ್ಲ. ಆದರೆ ಯೋಚನೆ ಮಾಡಿದೆ. ನೆನಪುಗಳು ಆತ್ಮದಲ್ಲಿದ್ದರೆ ಮೆದುಳು ಸವೆದ ಹಾಗೆ ಅವು ಸವೆದದ್ದು ಯಾಕೆ? ಕೆಲವರು ಹೇಳುತ್ತಾರೆ, ಮೆದುಳು ರೇಡಿಯೋ ಇದ್ದ ಹಾಗೆ, ಪೆಟ್ಟಿಗೆ ಕೆಟ್ಟರೂ ಆಕಾಶವಾಣಿ ನಿಲ್ಲುವುದಿಲ್ಲ ಅಂತ. ಚೆಂದದ ಹೋಲಿಕೆ. ಆದರೆ ರೇಡಿಯೋ ಕೆಟ್ಟರೆ ಗರಗರ ಅನ್ನುತ್ತದೆ, ಓದುವ ವಾರ್ತೆಯೇ ಬದಲಾಗುವುದಿಲ್ಲ ಅಲ್ವಾ? ಹಣೆಯ ಹಿಂದಿನ ಮೆದುಳಿಗೆ ಪೆಟ್ಟು ಬಿದ್ದ ರೋಗಿಗಳಲ್ಲಿ ಮನುಷ್ಯರೇ ಬದಲಾಗುವುದನ್ನು ನಾನು ನೋಡಿದ್ದೇನೆ. ಎತ್ತರದ ದನಿಯಲ್ಲಿ ಮಾತಾಡದ ಒಬ್ಬ ಮೇಷ್ಟ್ರು ಹೆಂಡತಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಆಕೆ ನನ್ನ ಕೈ ಹಿಡಿದು, "ಇವರು ಇವರಲ್ಲ" ಅನ್ನುತ್ತಿದ್ದರು.

ಆತ್ಮವನ್ನು ಹುಡುಕುವ ಕೆಲಸ ಇವತ್ತಿನದಲ್ಲ. ಬೌದ್ಧರ ಹಳೆಯ ಪಾಲಿ ಗ್ರಂಥಗಳಲ್ಲಿ ಪಾಯಾಸಿ ಅನ್ನುವ ರಾಜನ ಕಥೆ ಬರುತ್ತದೆ. ಜೈನರಲ್ಲೂ ಇಂಥದೇ ಒಂದು ಕಥೆ ಇದೆ. ಅವನಿಗೆ ಪರಲೋಕದಲ್ಲಿ ನಂಬಿಕೆ ಇರಲಿಲ್ಲ. ಸಾಯುತ್ತಿರುವ ನೆಂಟರ ಹತ್ತಿರ ಹೋಗಿ, ಅಲ್ಲಿ ಹೋದ ಮೇಲೆ ಬಂದು ಸುದ್ದಿ ಹೇಳಿ ಅಂತ ಕೇಳಿಕೊಂಡ. ಅವರು ಹೂಂ ಅಂದರು. ಯಾರೂ ಬರಲಿಲ್ಲ. ಶಿಕ್ಷೆಯಾದ ಕಳ್ಳನನ್ನು ಹಂಡೆಯೊಳಗೆ ಹಾಕಿ ಬಾಯಿ ಮುಚ್ಚಿ, ಜೀವ ಹೊರಗೆ ಬರುತ್ತದಾ ಅಂತ ಕಾದ. ಸಾಯುವ ಮುಂಚೆ ಒಂದು ಸಲ, ಸತ್ತ ಮೇಲೆ ಒಂದು ಸಲ ತೂಕ ಮಾಡಿಸಿದ. ಕ್ರೂರ, ಅದರಲ್ಲಿ ಎರಡು ಮಾತಿಲ್ಲ. ಗ್ರಂಥದಲ್ಲಿ ಕೊನೆಗೆ ಭಿಕ್ಷುವಿನ ಎದುರು ಅವನು ಸೋಲುತ್ತಾನೆ. ಬರೆದವರು ಬೌದ್ಧರು, ಸೋಲಲೇಬೇಕಲ್ಲ. ಆದರೆ ಅವನ ಪ್ರಶ್ನೆಗಳನ್ನು ಅವರು ಒಂದೂ ಬಿಡದೆ ಬರೆದಿಟ್ಟರು. ಚಾರ್ವಾಕರ ವಿಷಯವೂ ಹಾಗೆಯೇ. ಅವರ ಗ್ರಂಥಗಳು ಉಳಿದಿಲ್ಲ, ವಿರೋಧಿಗಳು ಬರೆದದ್ದರಿಂದ ಮಾತುಗಳು ಉಳಿದಿವೆ. ನಮಗೆಲ್ಲ ಗೊತ್ತಿರುವುದು ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನುವುದು ಒಂದೇ. ಆದರೆ 14ನೇ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವ ಎಲ್ಲ ದರ್ಶನಗಳನ್ನೂ ಸೇರಿಸಿ ಬರೆದಾಗ ಮೊದಲನೆಯದಾಗಿ ಇಟ್ಟಿದ್ದು ಚಾರ್ವಾಕರನ್ನು. ಅಲ್ಲಿ ಇನ್ನೊಂದು ಮಾತಿದೆ. ಇಲ್ಲಿ ಶ್ರಾದ್ಧದಲ್ಲಿ ಬಡಿಸಿದ್ದು ಪರಲೋಕದಲ್ಲಿ ಇರುವವರಿಗೆ ಮುಟ್ಟುವುದಾದರೆ, ಕೆಳಗೆ ಬಡಿಸಿದ ಊಟ ಉಪ್ಪರಿಗೆಯ ಮೇಲೆ ಇರುವವನಿಗೆ ಯಾಕೆ ಮುಟ್ಟುವುದಿಲ್ಲ ಅಂತ. ಚಿಕ್ಕ ಮಕ್ಕಳು ಕೇಳುವಂಥ ಪ್ರಶ್ನೆ. ಅದಕ್ಕೇ ಅದು ಇಷ್ಟು ಕಾಲ ಬದುಕಿದೆ.

ಪಾಯಾಸಿಯ ತೂಕದ ಪರೀಕ್ಷೆಯನ್ನು ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಅನ್ನುವ ವೈದ್ಯ ಮತ್ತೆ ಮಾಡಿ, 1907ರಲ್ಲಿ ಪ್ರಕಟಿಸಿದ. ಆತ್ಮದ ತೂಕ 21 ಗ್ರಾಂ ಅನ್ನುವ ಮಾತು ಹುಟ್ಟಿದ್ದು ಅವನಿಂದ. ನೋಡಿದ್ದು ಆರೇ ರೋಗಿಗಳನ್ನು. ಅವರಲ್ಲಿ 21 ಗ್ರಾಂ ಕಡಿಮೆಯಾದದ್ದು ಒಬ್ಬನಿಗೆ. ಉಳಿದವರ ಲೆಕ್ಕ ಒಂದಕ್ಕೊಂದು ಹೊಂದಲಿಲ್ಲ. ಸತ್ತು ಬದುಕಿದವರು ಬೆಳಕು ಕಂಡೆ, ಮೇಲಿನಿಂದ ನನ್ನನ್ನೇ ನೋಡಿದೆ ಅನ್ನುವುದನ್ನು ನಾನೂ ಕೇಳಿದ್ದೇನೆ, ಎರಡು ಸಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಇದನ್ನು ಪರೀಕ್ಷಿಸಲು 15 ಆಸ್ಪತ್ರೆಗಳಲ್ಲಿ ಎತ್ತರದ ಹಲಗೆಗಳ ಮೇಲೆ ಚಿತ್ರಗಳನ್ನು ಇಟ್ಟರು, ಮೇಲಿನಿಂದ ನೋಡಿದರೆ ಮಾತ್ರ ಕಾಣುವ ಹಾಗೆ. ಹೃದಯ ನಿಂತ 2,060 ಪ್ರಕರಣಗಳ ಆ ವರದಿ 2014ರಲ್ಲಿ ಬಂತು. ಚಿತ್ರವನ್ನು ಕಂಡವರು ಒಬ್ಬರೂ ಸಿಗಲಿಲ್ಲ. ಹಲಗೆ ಇಲ್ಲದ ಕೋಣೆಗಳಲ್ಲೇ ಜಾಸ್ತಿ ಪ್ರಕರಣಗಳು ಆದವು ಅನ್ನುವುದನ್ನೂ ಹೇಳಬೇಕು. ಆದ್ದರಿಂದ ಬಾಗಿಲು ಮುಚ್ಚಿತು ಅಂತ ನಾನು ಹೇಳುವುದಿಲ್ಲ. ನಾಳೆ ಯಾರಾದರೂ ಆ ಚಿತ್ರ ಏನು ಅಂತ ಹೇಳಿದರೆ ನನ್ನ ಅಭಿಪ್ರಾಯ ಬದಲಾಯಿಸುತ್ತೇನೆ.

ಈಗ ಹೇಳುವುದು ನನಗೆ ಸ್ವಲ್ಪ ಕಷ್ಟದ ಮಾತು.

ನಮ್ಮ ತುಳುನಾಡಿನಲ್ಲಿ ಪ್ರೇತ ಮದುವೆ ಅಂತ ಇದೆ. ಇಲ್ಲಿ ಕೂತವರಲ್ಲಿ ಕೆಲವರಿಗೆ ಗೊತ್ತು. ಚಿಕ್ಕಂದಿನಲ್ಲಿ ತೀರಿಕೊಂಡ ಮಗು ಬದುಕಿದ್ದರೆ ಮದುವೆಯ ವಯಸ್ಸಿಗೆ ಬರುತ್ತಿತ್ತು ಅನ್ನುವ ಹೊತ್ತಿಗೆ, ಅದೇ ಥರ ತೀರಿಕೊಂಡ ಗಂಡನ್ನೋ ಹೆಣ್ಣನ್ನೋ ಹುಡುಕಿ ಮದುವೆ ಮಾಡುತ್ತಾರೆ. ಆಟಿ ತಿಂಗಳಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತು. ನನ್ನ ದೊಡ್ಡಮ್ಮನ ಮಗಳು ಎರಡೂವರೆ ವರ್ಷಕ್ಕೆ ಜ್ವರ ಬಂದು ಹೋಗಿದ್ದಳು. 22 ವರ್ಷ ಆದ ಮೇಲೆ ದೊಡ್ಡಮ್ಮ ಅವಳಿಗೆ ಗಂಡು ಹುಡುಕಿಸಿದಳು. ಬಳಿ, ಅಂದರೆ ನಮ್ಮಲ್ಲಿ ಗೋತ್ರದಂಥದ್ದು, ಅದನ್ನು ನೋಡಿದರು, ಮನೆತನ ನೋಡಿದರು. ನಾನು ರಜೆ ಹಾಕಿ ಹೋಗಿದ್ದೆ. ನಾನಾಗಲೇ ನಾಸ್ತಿಕಳು, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೋದದ್ದು ದೊಡ್ಡಮ್ಮ ಕರೆದಳು ಅಂತ.

ಹಿಂದಿನ ದಿನ ನಾವಿಬ್ಬರೂ ಪೇಟೆಗೆ ಹೋದೆವು. ಸೀರೆ ಆಯಿತು. ಮಲ್ಲಿಗೆಗೆ ಹೇಳಿ ಆಯಿತು. ಬಳೆ ಅಂಗಡಿಯವನು ಅಳತೆ ಕೇಳಿದ. ದೊಡ್ಡಮ್ಮ ಒಂದು ಗಳಿಗೆ ಸುಮ್ಮನಾದಳು. ಆಮೇಲೆ ನನ್ನ ಕೈ ಹಿಡಿದು ಮುಂದೆ ಚಾಚಿಸಿದಳು. ಮುಂಗೈ ಮೇಲೆ ಬೆರಳು ಆಡಿಸಿ, "ಇವಳಿಗಿಂತ ಒಂದು ಚೂರು ಸಣ್ಣ. ಅವಳ ಎಲುಬು ಸಪೂರ" ಅಂದಳು. ಅಂಗಡಿಯವನು ಎರಡು ನಾಲ್ಕರ ಅಳತೆಯ ಹಸಿರು ಗಾಜಿನ ಬಳೆ ತೆಗೆದುಕೊಟ್ಟ. ದೊಡ್ಡಮ್ಮ ಒಂದೊಂದನ್ನೇ ಬೆಳಕಿಗೆ ಹಿಡಿದು, ಬಿರುಕು ಇದೆಯಾ ಅಂತ ನೋಡಿ ತೆಗೆದುಕೊಂಡಳು.

ಮರುದಿನ ರಾತ್ರಿ ಎರಡು ಕುರ್ಚಿ. ಒಂದರ ಮೇಲೆ ಸೀರೆ, ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಶಾಲು. ಗಂಡಿನ ಕಡೆಯ ತಾಯಿಯೂ ಬಂದಿದ್ದಳು, ಅವಳ ಮಗ ಕೆರೆಗೆ ಬಿದ್ದು ಹೋದವನು. ಧಾರೆಯಾಯಿತು. ಊಟಕ್ಕೆ ಕೂತಾಗ ಆ ಇಬ್ಬರು ತಾಯಂದಿರು ಪಕ್ಕಪಕ್ಕ ಕೂತು, ಮಕ್ಕಳ ಬಗ್ಗೆ ಮಾತಾಡುತ್ತಿದ್ದರು. ಅವನಿಗೆ ಬೆಲ್ಲ ಅಂದರೆ ಜೀವ. ಇವಳಿಗೆ ಕತ್ತಲೆ ಅಂದರೆ ಹೆದರಿಕೆ. 22 ವರ್ಷದಲ್ಲಿ ದೊಡ್ಡಮ್ಮ ಆ ಮಗುವಿನ ಬಗ್ಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬೇರೆ ಯಾರ ಹತ್ತಿರ ಹೇಳಿಯಾಳು? ಕೇಳುವವರು ಯಾರಿದ್ದರು?

ಅವತ್ತಿನಿಂದ ನನ್ನ ನಾಸ್ತಿಕತೆಯ ಬಣ್ಣ ಬದಲಾಯಿತು. ಆ ಹುಡುಗಿ ಎಲ್ಲೂ ಇಲ್ಲ, ಅದು ನನ್ನ ಅಭಿಪ್ರಾಯ. ಎರಡೂವರೆ ವರ್ಷಕ್ಕೆ ಅವಳು ತೀರಿದಳು. ಕುರ್ಚಿಯ ಮೇಲೆ ಇದ್ದದ್ದು ಸೀರೆ ಮಾತ್ರ. ಆದರೆ ಆ ಕೈಯ ಅಳತೆ ಸುಳ್ಳಲ್ಲ. ಅದು ದೊಡ್ಡಮ್ಮನ ಒಳಗೆ ವರ್ಷಾವರ್ಷ ಬೆಳೆಯುತ್ತ ಬಂದಿತ್ತು. ಅದನ್ನು ಹೊರಗೆ ತೆಗೆದು ನಾಲ್ಕು ಜನರ ಮುಂದೆ ಇಡಲು ನಂಬಿಕೆ ಅವಳಿಗೆ ಒಂದು ರಾತ್ರಿ ಕೊಟ್ಟಿತು. ನಾನು, ನನ್ನಂಥವರು, ಅವಳಿಗೆ ಏನು ಕೊಟ್ಟಿದ್ದೆವು? ಮೂಢನಂಬಿಕೆ ಅಂತ ಒಂದು ಪದ ಕೊಟ್ಟಿದ್ದೆವು. ನಾಸ್ತಿಕರು ಇದನ್ನು ಯೋಚಿಸಬೇಕು ಅಂತ ನನಗೆ ತುಂಬ ಅನಿಸುತ್ತದೆ. ಪರಲೋಕ ಇಲ್ಲ ಅಂದ ಮೇಲೆ ಅಳುವವರ ಪಕ್ಕ ಕೂರುವ ಕೆಲಸ ಪೂರ್ತಿ ನಮ್ಮ ಮೇಲೆ ಬೀಳುತ್ತದೆ. ಮೇಲೆ ನೋಡಿಕೊಳ್ಳುತ್ತಾರೆ ಅಂತ ಹೇಳಿ ಎದ್ದು ಬರಲು ನಮಗೆ ಆಗುವುದಿಲ್ಲ.

ಮಹಾರಾಷ್ಟ್ರಕ್ಕೆ ಈ ಯೋಚನೆ ಹೊಸದಲ್ಲ. ಪುಣೆಯಲ್ಲಿ ಗೋಪಾಳ ಗಣೇಶ ಆಗರಕರ್ ಇದ್ದರು, ಕೇಸರಿ ಪತ್ರಿಕೆಯ ಮೊದಲ ಸಂಪಾದಕರು, 1888ರಲ್ಲಿ ತಮ್ಮದೇ ಸುಧಾರಕ ಪತ್ರಿಕೆ ಶುರು ಮಾಡಿದವರು. ಅವರ ಬರಹಕ್ಕೆ ಸಿಟ್ಟಾದ ಜನ ಅವರು ಬದುಕಿರುವಾಗಲೇ ಅವರ ಶವಯಾತ್ರೆ ಮಾಡಿದರು. ಅವರು ಅದನ್ನು ಕಣ್ಣಾರೆ ನೋಡಿದರು, ಆಮೇಲೂ ಬರೆದರು. 39 ವರ್ಷ ತುಂಬುವ ಮೊದಲೇ, 1895ರಲ್ಲಿ, ಅಸ್ತಮಾದಿಂದ ನಿಜವಾಗಿಯೂ ಹೋದರು. ಅದೇ ಪುಣೆಯಲ್ಲಿ 2013ರ ಆಗಸ್ಟ್ 20ರ ಬೆಳಗ್ಗೆ ವಾಕಿಂಗ್ ಹೋಗಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಗುಂಡಿಟ್ಟು ಕೊಂದರು. ದೇವರನ್ನು ನಂಬಬೇಡಿ ಅಂತಲೂ ಅವರು ಹೇಳುತ್ತಿರಲಿಲ್ಲ, ದೇವರ ಹೆಸರಲ್ಲಿ ಸುಲಿಯುವುದನ್ನು ನಿಲ್ಲಿಸಿ ಅನ್ನುತ್ತಿದ್ದರು. ಮಾಟಮಂತ್ರದ ವಿರುದ್ಧ ಅವರು ಎಷ್ಟೋ ವರ್ಷ ಕೇಳಿದ್ದ ಕಾನೂನು ಅದೇ ಡಿಸೆಂಬರಿನಲ್ಲಿ ಆಯಿತು. ನೋಡಲು ಅವರಿರಲಿಲ್ಲ. ಎಲ್ಲಿಂದಲೋ ನೋಡುತ್ತಿರುತ್ತಾರೆ ಅಂತ ಆ ದಿನ ಒಬ್ಬರು ನನಗೆ ಹೇಳಿದರು. ಇಲ್ಲ, ನೋಡುತ್ತಿಲ್ಲ. ಅದಕ್ಕೇ ಆ ಕೊಲೆ ಅಷ್ಟು ದೊಡ್ಡ ಅನ್ಯಾಯ.

ಕೊನೆಗೆ ನನ್ನ ಮನೆಯ ಮಾತು. ನನ್ನ ಗಂಡ ತೀರಿಕೊಂಡು 5 ವರ್ಷ ಆಯಿತು. ದೇಹದಾನ ಮಾಡಬೇಕು ಅಂತ ಅವರೇ ಬರೆದಿಟ್ಟಿದ್ದರು. ಈ ರಾಜ್ಯದಲ್ಲಿ ಅದಕ್ಕೆ ಕಾನೂನು ಇದೆ. ಹೋದದ್ದು ಶನಿವಾರ ರಾತ್ರಿ. ಒಂದು ಕಾಲೇಜಿನವರು ಫೋನ್ ಎತ್ತಲಿಲ್ಲ, ಎತ್ತಿದಾಗ ಸೋಮವಾರ ತನ್ನಿ ಅಂದರು. ಇನ್ನೊಂದು ಕಡೆ ಸಿಕ್ಕಿತು. ಆದರೆ ಕಣ್ಣುಗಳಿಗೆ ಅಷ್ಟು ಹೊತ್ತು ಇರುವುದಿಲ್ಲ. 6 ಗಂಟೆಯೊಳಗೆ ತೆಗೆಯಬೇಕು. ನಾನು ಫ್ಯಾನ್ ಆರಿಸಿದೆ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟೆ. ತಲೆಯ ಕೆಳಗೆ ಎರಡು ದಿಂಬು ಕೊಟ್ಟೆ. ಎಷ್ಟೋ ಜನರಿಗೆ ಮಾಡಿದ ಕೆಲಸ, ಕೈಗೆ ಗೊತ್ತಿತ್ತು. ಬಾವ, ಅಂದರೆ ನನ್ನ ಗಂಡನ ಅಣ್ಣ, ಬಾಗಿಲಲ್ಲಿ ನಿಂತು ಅಳುತ್ತಿದ್ದರು. "ಬೊಜ್ಜ ಮಾಡದಿದ್ದರೆ ಅವನು ಕುಲೆಯಾಗಿ ಅಲೀತಾನೆ ಮಾರಾಯ್ತಿ. ಕಣ್ಣಿಲ್ಲದೆ ಹೇಗೆ ದಾರಿ ಕಾಣ್ತದೆ ಅವನಿಗೆ?" ಬೊಜ್ಜ ಅಂದರೆ ನಮ್ಮ ಕಡೆಯ ಉತ್ತರಕ್ರಿಯೆ, ಕುಲೆ ಅಂದರೆ ಪ್ರೇತ. ನನಗೆ ದೊಡ್ಡಮ್ಮನ ನೆನಪಾಯಿತು. ವಾದ ಮಾಡಲಿಲ್ಲ. ಬಾವನ ಪಕ್ಕ ಕೂತೆ. ಚಿಕ್ಕವನಿದ್ದಾಗ ತಮ್ಮ ಹೇಗಿದ್ದ ಅಂತ ಕೇಳಿದೆ. ಕಣ್ಣಿನ ಬ್ಯಾಂಕಿನವರು ಬರುವ ತನಕ ಅವರು ಹೇಳುತ್ತಲೇ ಇದ್ದರು. ಹದಿಮೂರನೇ ದಿನ ಎಲ್ಲರನ್ನೂ ಕರೆದು ಊಟ ಹಾಕಿದೆ. ಊರಿನಲ್ಲಿ ಬಾವ ತಮ್ಮ ಸಮಾಧಾನಕ್ಕೆ ಬೇಕಾದದ್ದು ಮಾಡಿಸಿದರು. ನಾನು ಬೇಡ ಅನ್ನಲಿಲ್ಲ, ಹೋಗಲೂ ಇಲ್ಲ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು, "ಮತ್ತೆ ಸಿಗುತ್ತೇವೆ ಅನ್ನುವ ಆಸೆಯೇ ಇಲ್ಲದೆ ಹೇಗೆ ಇರ್ತೀರಿ ತಾಯಿ?" ಸುಲಭ ಅಂತ ನಾನು ಹೇಳಲಾರೆ. ಆಸೆ ಇದೆ. ಅದು ನಡೆಯುತ್ತದೆ ಅನ್ನುವ ನಂಬಿಕೆ ಇಲ್ಲ. ಕೆಲವು ಸಂಜೆ ಅದು ತುಂಬ ಭಾರ. 36 ವರ್ಷ ಜೊತೆಗಿದ್ದೆವು, ಅಷ್ಟೇ ಸಿಕ್ಕಿದ್ದು. ಅದನ್ನು ಪೀಠಿಕೆ ಅಂತ ನಾನು ಯಾವತ್ತೂ ನೋಡಿಲ್ಲ. ಅದೇ ಪೂರ್ತಿ.

ಒಬ್ಬ ಹುಡುಗಿ, ಕಾಲೇಜಿಗೆ ಹೋಗುವವಳು, ಸಾಯಲು ಭಯ ಆಗಲ್ವಾ ಅಂತ ಕೇಳಿದಳು. 1776ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಸಾಯುವ ಕೆಲವು ವಾರ ಮುಂಚೆ ಅವನ ಗೆಳೆಯ ಬಾಸ್ವೆಲ್ ಇದೇ ಪ್ರಶ್ನೆ ಹಿಡಿದು ಹೋಗಿದ್ದ. ಇಲ್ಲವಾಗುವ ಯೋಚನೆ ಕಾಡುವುದಿಲ್ಲವಾ ಅಂತ. ಹುಟ್ಟುವ ಮುಂಚೆ ಇರಲಿಲ್ಲ ಅನ್ನುವ ಯೋಚನೆ ಕಾಡಿತ್ತಾ, ಇದೂ ಹಾಗೆಯೇ ಅಂದ ಹ್ಯೂಮ್. ನಾನು ಅಷ್ಟು ಗಟ್ಟಿಯವಳಲ್ಲ. ಉಸಿರು ಕಟ್ಟುವುದಕ್ಕೆ ಹೆದರುತ್ತೇನೆ, ಅದನ್ನು ಹತ್ತಿರದಿಂದ ನೋಡಿದ್ದೇನೆ. ಇಲ್ಲವಾಗುವುದಕ್ಕೆ ಹೆದರುವುದಿಲ್ಲ.

ನೇತ್ರದಾನದ ಫಾರಂಗಳು ಹೊರಗೆ ಚಹಾ ಇಟ್ಟಿರುವ ಮೇಜಿನ ಮೇಲಿವೆ. ಇಬ್ಬರು ಸಾಕ್ಷಿಗಳ ಸಹಿ ಬೇಕು. ಒಂದು ಮನೆಯವರದೇ ಇರಲಿ. ಆ ದಿನ ಫ್ಯಾನ್ ಆರಿಸಿ ಫೋನ್ ಮಾಡಬೇಕಾದವರು ಅವರು.